ಕೋಣೆಯಲ್ಲಿ ಯಾರೂ ಇಲ್ಲ

ನನಗೊಂದು ಚಟ ಅಂಟಿಕೊಂಡಿದೆ. ಬೀಡಿ, ತಂಬಾಕು, ಇಸ್ಪೀಟು ಯಾವುದೂ ಅಲ್ಲ. ಅವಾದರೆ ಬೈದು ಬಿಡಿಸುವವರಿದ್ದಾರೆ. ನಾನು ಎಲ್ಲೇ ಕೂತಿರಲಿ, ಎಂಟು ಹತ್ತು ನಿಮಿಷಕ್ಕೊಮ್ಮೆ ನನ್ನ ಬಲಗೈ ತಾನೇ ಮೇಲೆದ್ದು ಗಾಳಿಯಲ್ಲಿ ಒಂದು ಸಲ ಬೀಸಿ, ಏನೂ ಆಗಿಲ್ಲವೆಂಬಂತೆ ತೊಡೆಯ ಮೇಲೆ ಬಂದು ಕೂರುತ್ತದೆ.

ಇದರಿಂದಾದ ಫಜೀತಿಗಳು ಒಂದೆರಡಲ್ಲ. ಚಿತ್ತಾಪುರದಿಂದ ಸೇಡಂಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದಿ ಗಾಡಿ ನಿಲ್ಲಿಸಿಯೇ ಬಿಟ್ಟ. "ಏನ್ರಿ ಕಾಕಾ, ಇಲ್ಲೇ ಇಳಿತೀರೇನ್ರಿ? ದಂಡೋತಿ ಇನ್ನಾ ಬಂದಿಲ್ಲ, ಕುಂದ್ರಿ" ಎಂದ. ಇಡೀ ಬಸ್ಸು ನನ್ನನ್ನು ತಿರುಗಿ ನೋಡಿತು. ಸೇಡಂನ ಮದುವೆ ಮಂಟಪದಲ್ಲಿ ಇನ್ನೂ ಮಜಾ. ನಾನು ಕೈ ಬೀಸಿದ್ದನ್ನು ಕಂಡು ಆಚೆ ಬದಿಯಲ್ಲಿದ್ದ ಯಾರೋ ಹಿರಿಯರು ತಾವೂ ಕೈ ಬೀಸಿದರು, ಜನರನ್ನು ಸರಿಸಿಕೊಂಡು ಬಂದರು, ನನ್ನ ಎರಡೂ ಕೈ ಹಿಡಿದು, "ಭಾಳ ದಿನ ಆಯ್ತಲ್ರಿ! ಮಗಳ ಮದುವಿ ಆಯ್ತೇನ್ರಿ?" ಎಂದರು. ನನಗೆ ಮಗಳಿಲ್ಲ. ಆದರೂ ಅವರ ಮೋರೆಯ ಸಂತೋಷ ಕೆಡಿಸಲು ಮನಸ್ಸಾಗದೆ, "ಆಯ್ತ್ರಿ, ಚಿಂಚೋಳಿ ಕಡಿ ಕೊಟ್ಟೀವಿ" ಎಂದುಬಿಟ್ಟೆ. ಅವತ್ತು ಎರಡು ಹೋಳಿಗೆ ಹೆಚ್ಚಿಗೆ ಬಿದ್ದವು. ಇಲ್ಲದ ಮಗಳ ಪುಣ್ಯ.

ಈ ಚಟ ಹೇಗೆ ಅಂಟಿತು ಎಂದು ಕೇಳಿದವರಿಗೆ ಆಫೀಸಿನ ಕಥೆ ಹೇಳಿ ನಗಿಸುತ್ತೇನೆ. ಅದು ನಿಜವೇ, ಆದರೆ ಅರ್ಧ ನಿಜ. ಉಳಿದರ್ಧವನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ.

ವಾಡಿಯ ಹತ್ತಿರ ಒಂದು ಸಿಮೆಂಟು ಕಾರ್ಖಾನೆಯಲ್ಲಿ ನಾನು ಮೀಟರು, ಗೇಜು, ಸೆನ್ಸರುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ ಆಗಿದ್ದೆ. ನಾನು ನಿವೃತ್ತನಾಗುವ ಮೂರು ವರ್ಷ ಮೊದಲು ನಮಗೊಂದು ಹೊಸ ಆಫೀಸು ಕಟ್ಟಿಕೊಟ್ಟರು. ಅದಕ್ಕೆ ಬುದ್ಧಿ ಇದೆ ಎಂದು ಉದ್ಘಾಟನೆಯ ದಿನ ಹೇಳಿದರು. ಬಾಗಿಲಲ್ಲಿ ಕಾರ್ಡು ತೋರಿಸಿದರೆ ಯಾರು ಬಂದರೆಂದು ಅದಕ್ಕೆ ತಿಳಿಯುತ್ತಿತ್ತು. ಮ್ಯಾನೇಜರು ಬಂದರೆ ಅವರ ಕೋಣೆ ತಂಪಾಗುತ್ತಿತ್ತು, ಅವರ ಪರದೆ ಇಳಿಯುತ್ತಿತ್ತು. ನನ್ನ ಮೇಜಿನ ದೀಪಕ್ಕೆ ಎಷ್ಟು ಬೆಳಕು ಬೇಕು, ಫ್ಯಾನು ಎಷ್ಟು ಜೋರಾಗಿ ತಿರುಗಬೇಕು ಎಂದು ನಾನೇ ಒಂದು ಸಲ ಹೇಳಿಟ್ಟರೆ ಸಾಕು, ಮರೆಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ಯಾರೂ ನನ್ನ ಇಷ್ಟವನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿರಲಿಲ್ಲ. ನನಗೆ ಬಹಳ ಹೆಮ್ಮೆಯಾಯಿತು.

ಒಂದೇ ತೊಂದರೆ. ಸೂರಿನಲ್ಲಿ ಒಂದೊಂದು ಮೇಜಿನ ಮೇಲೂ ಒಂದೊಂದು ಬಿಳಿಯ ಕಣ್ಣು ಕೂರಿಸಿದ್ದರು, ಬದನೆಕಾಯಿಯ ಅರ್ಧ ಹೋಳಿನಷ್ಟು ದೊಡ್ಡದು. ಕೆಳಗೆ ಯಾರಾದರೂ ಅಲುಗಾಡಿದರೆ ಅದಕ್ಕೆ ಕಾಣುತ್ತಿತ್ತು. ಹತ್ತು ನಿಮಿಷ ಯಾರೂ ಅಲುಗಾಡದಿದ್ದರೆ ಜಾಗ ಖಾಲಿ ಎಂದು ತಿಳಿದು ದೀಪ ಆರಿಸಿಬಿಡುತ್ತಿತ್ತು. ನಮ್ಮ ಸ್ಟೋರ್ಸಿನ ಗುಮಾಸ್ತರು ಊಟದ ಮೇಲೆ ಫೈಲು ತೆರೆದಿಟ್ಟುಕೊಂಡು, ಪೆನ್ನು ಹಿಡಿದುಕೊಂಡೇ ನಿದ್ದೆ ಮಾಡುವುದರಲ್ಲಿ ಪಳಗಿದವರು. ಮೂವತ್ತು ವರ್ಷ ಯಾವ ಸಾಹೇಬರಿಗೂ ಸಿಕ್ಕಿಬಿದ್ದಿರಲಿಲ್ಲ. ಹೊಸ ಆಫೀಸಿನಲ್ಲಿ ಮೊದಲ ವಾರವೇ ಅವರ ತಲೆಯ ಮೇಲೆ ಮಾತ್ರ ಕತ್ತಲಾಗಿ ಮಾನ ಹೋಯಿತು. ಆಮೇಲೆ ನಾವೆಲ್ಲ ಲೆಕ್ಕ ಬರೆಯುತ್ತಲೋ ಓದುತ್ತಲೋ ಆಗಾಗ ಕೈ ಎತ್ತಿ ಬೀಸುವುದನ್ನು ರೂಢಿ ಮಾಡಿಕೊಂಡೆವು. ಇದ್ದೇವೆ ಎಂದು ಮೇಲಿನವನಿಗೆ ತಿಳಿಸುವುದು. ಇಲ್ಲಿಗೆ ನಾನು ಎಲ್ಲರಿಗೂ ಹೇಳುವ ಕಥೆ ಮುಗಿಯುತ್ತದೆ.

ನಿವೃತ್ತನಾದ ಮೇಲೆ ಕೈ ಖಾಲಿ. ಆಫೀಸಿಗೆ ಇದ್ದ ಬುದ್ಧಿ ನಮ್ಮ ಮನೆಗೇಕೆ ಇರಬಾರದು ಎಂದು ಹೊರಟೆ. ಕಣ್ಣುಗಳನ್ನು ತರಿಸಿದೆ, ಫೋನಿನಿಂದ ಆಡಿಸುವ ಪ್ಲಗ್ಗುಗಳನ್ನು ತರಿಸಿದೆ, ಗೋಡೆ ಕೊರೆದೆ. ಹೆಂಡತಿ ಎರಡು ದಿನ ಸುಣ್ಣದ ಪುಡಿ ಗುಡಿಸಿ, ಮೂರನೆಯ ದಿನ, "ಮನಿ ನಂದೋ, ನಿಮ್ಮ ಮೊಬೈಲಿಂದೋ?" ಎಂದು ಕೇಳಿದಳು. ಸಂಜೆ ಹೊತ್ತು ಮುಳುಗುವಾಗ ಪಡಸಾಲೆಯ ದೀಪ ತಾನೇ ಹತ್ತುವಂತೆ ಮಾಡಿದ್ದೆ. ಅದು ಅವಳಿಗೆ ಸೇರಲಿಲ್ಲ. ಹಿಟ್ಟು ನಾದುತ್ತಿರುವಾಗ ದೀಪ ಹತ್ತಿಬಿಟ್ಟರೆ ಕೈಮುಗಿಯುವುದು ಹೇಗೆ? "ದೀಪ ಹಚ್ಚಾಕಿ ನಾ. ಅದರ ತಂಟಿಗಿ ಬರಬ್ಯಾಡ್ರಿ" ಎಂದಳು. ಆ ಒಂದು ದೀಪವನ್ನು ಅವಳ ಕೈಗೇ ಬಿಟ್ಟೆ. ಯಾರಿಗೆ ಹೇಗೆ ಬೇಕೋ ಹಾಗೆ ಮಾಡಿಕೊಡುವುದೇ ಅಲ್ಲವೇ ಇದರ ಮಹಿಮೆ.

ಆದರೆ ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳಲಿಲ್ಲ. ಖಾಲಿ ಕೋಣೆಯಲ್ಲಿ ಏನೂ ಉರಿಯಬಾರದು, ಏನೂ ತಿರುಗಬಾರದು. ಅದು ನಮ್ಮವ್ವನ ಕಾನೂನು. ನಮ್ಮ ಬಾಲ್ಯದ ಮನೆಯಲ್ಲಿದ್ದದ್ದು ಒಂದೇ ಬಲ್ಬು, ಅದೂ ಹೊಗೆ ಹಿಡಿದು ಕುಂಬಳಬಣ್ಣಕ್ಕೆ ತಿರುಗಿದ್ದು. ನಾವು ಅದನ್ನು ಬಿಟ್ಟು ಅಂಗಳಕ್ಕೆ ಹೋದರೆ ಒಲೆಯ ಮುಂದಿನಿಂದಲೇ ಅವ್ವ, "ಯಾರ ಮದುವಿಗಿ ಉರಿಲಿಕತ್ತದ ಅದು? ಆರಸಲೇ!" ಎಂದು ಕೂಗುತ್ತಿದ್ದಳು. ಅವ್ವ ಹೋಗಿ ಎಷ್ಟೋ ವರ್ಷಗಳಾದವು. ಅವಳ ಆ ಕೂಗನ್ನು ನಾನು ಯಂತ್ರದಲ್ಲಿ ತುಂಬಿಟ್ಟೆ.

ಅಣ್ಣನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಮಾತಾಡಿದ್ದು ಅಲ್ಲಿಗೆ ಬರಬಾರದೆಂದೇ.

ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಹದಿನಾರಕ್ಕೆ ಶಹಾಬಾದಿನ ಫರ್ಸಿ ಕಲ್ಲು ಕೊಯ್ಯುವ ಕೆಲಸಕ್ಕೆ ಸೇರಿದ. ನೀವು ಕಾಲಿಡುವ ನುಣುಪಾದ ಕಪ್ಪು ನೆಲಗಳಿವೆಯಲ್ಲ, ಅಂಥವನ್ನು ನಲವತ್ತು ವರ್ಷ ಕೊಯ್ದವನು ಅವನು. ನಾವು ಚಿಕ್ಕವರಿದ್ದಾಗ ನಮ್ಮ ಮನೆ ಕಲ್ಲಿನ ಖಣಿಯ ಹತ್ತಿರವೇ ಇತ್ತು. ಮದ್ದು ಹಾರಿಸುವ ಮೊದಲು ಮೂರು ಸಲ ಸೀಟಿ ಆಗುತ್ತಿತ್ತು. ಮೂರನೆಯದಕ್ಕೆ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂರಬೇಕು. ನನಗೆ ಓಡಿ ಹೋಗಿ ನೋಡುವ ಹುಚ್ಚು. ಅಣ್ಣ ನನ್ನ ನೆತ್ತಿಯ ಮೇಲೆ ಅಂಗೈ ಒತ್ತಿ, "ಅಲುಗಾಡಬ್ಯಾಡಲೇ ಮಲ್ಲ್ಯಾ. ಅಲುಗಾಡದಿದ್ರ ಏನೂ ಆಗಂಗಿಲ್ಲ" ಎನ್ನುತ್ತಿದ್ದ. ನೆಲ ಗಡಗಡ ನಡುಗುತ್ತಿತ್ತು, ಮಾಡದಲ್ಲಿನ ಗಿಂಡಿ ಉರುಳುತ್ತಿತ್ತು. ಅಣ್ಣನ ಕೈ ಮಾತ್ರ ಅಲುಗುತ್ತಿರಲಿಲ್ಲ. ಅಷ್ಟು ಸ್ಥಿರವಾಗಿ ಕೂರುವ ಮನುಷ್ಯನನ್ನು ನಾನು ಮತ್ತೆ ನೋಡಲಿಲ್ಲ. ಒಮ್ಮೆ ಅವನ ಮೊಣಕಾಲಿನ ಮೇಲೆ ಗುಬ್ಬಿ ಬಂದು ಕೂತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ.

ನಲವತ್ತು ವರ್ಷದ ಕಲ್ಲಿನ ಪುಡಿ ಅವನ ಎದೆಯಲ್ಲಿ ಕೂತಿತ್ತು. ಕಲಬುರಗಿಯ ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿ, ಇನ್ನು ಮನೆಯಲ್ಲೇ ಆಕ್ಸಿಜನ್ ಮಿಷನ್ ಇಟ್ಟುಕೊಳ್ಳಿ ಎಂದರು. ಗಾಳಿಯಿಂದಲೇ ಆಕ್ಸಿಜನ್ ಸೋಸಿ ಮೂಗಿನ ನಳಿಗೆಗೆ ಕೊಡುವ, ಗುರುಗುಟ್ಟುವ ಒಂದು ಡಬ್ಬಿ. ಅದಕ್ಕೆ ಕರೆಂಟು ಸದಾ ಇರಬೇಕು. ಅರ್ಧ ತಾಸು ಅದನ್ನು ಬಿಟ್ಟು ಹೊರಗೆ ಕಟ್ಟೆಯ ಮೇಲೆ ಕೂರಬಹುದು, ಹೆಚ್ಚು ಬೇಡ ಎಂದಿದ್ದರು. ಕೆಲವು ದಿನ ಕೂತ. ಆಮೇಲೆ ಕಟ್ಟೆ ದೂರವಾಯಿತು. ಮಗ್ಗುಲು ಬದಲಿಸಿದರೂ ಏದುಸಿರು. ಇದ್ದ ಉಸಿರನ್ನು ಉಳಿಸಿಕೊಳ್ಳಲು ಅವನು ಅಲುಗಾಡದೆ ಮಲಗುವುದನ್ನು ಕಲಿತ. ಕಲಿಯುವುದೇನು ಬಂತು, ಅದು ಅವನಿಗೆ ಬಂದ ವಿದ್ಯೆಯೇ.

ಅವನ ಕೋಣೆಗೆ ನಾನು ಬುದ್ಧಿ ಕೊಡಿಸಿದೆ. ವಾಡಿಯಿಂದ ಶಹಾಬಾದಿಗೆ ದಿನಾ ಓಡಾಡಿ ಒಂದು ವಾರ ದುಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಮನಸ್ಸಿಟ್ಟು ಮಾಡಿದ ಕೆಲಸ ಬೇರೆ ಇಲ್ಲ. ಮಂಚದ ತಲೆಯ ಕಡೆಯ ಗೋಡೆಯಲ್ಲಿ ಮಿಷನ್ನಿಗೆಂದೇ ಒಂದು ಸಾಕೆಟ್ಟು, ಕರೆಂಟು ಹೋದರೂ ನಡೆಯುವ ಬ್ಯಾಟರಿಯ ಲೈನಿನ ಮೇಲೆ. ಅದಕ್ಕೆ ಯಾವ ಯಂತ್ರದ ಆಜ್ಞೆಯೂ ತಗಲುವುದಿಲ್ಲ. ಗುರುತಿಗೆ ಅತ್ತಿಗೆಯ ಕುಂಕುಮದ ಬೊಟ್ಟು. ಅದರ ಪಕ್ಕ, ಕೈಗೆಟಕುವಂತೆ, ಒಂದು ಗುಂಡಿ. ಮಲಗುವ ಮೊದಲು ಅದನ್ನು ಒತ್ತಿದರೆ ಸೂರಿನ ಕಣ್ಣು ಮುಚ್ಚಿಕೊಳ್ಳುತ್ತದೆ, ಫ್ಯಾನು ನಿಲ್ಲುವುದಿಲ್ಲ. ಎದುರಿನ ಗೋಡೆಯಲ್ಲಿ ಕೂಲರಿಗೆ ಇನ್ನೊಂದು ಸಾಕೆಟ್ಟು. ಬೇಸಿಗೆಗೆ ಇರಲಿ ಎಂದು ಅದನ್ನು ಮಾತ್ರ ಕಣ್ಣಿನ ಅಧೀನದಲ್ಲಿಟ್ಟೆ. ಇಪ್ಪತ್ತು ನಿಮಿಷ ಯಾರೂ ಅಲುಗಾಡದಿದ್ದರೆ ದೀಪ, ಫ್ಯಾನು, ಆ ಸಾಕೆಟ್ಟು ಎಲ್ಲ ಬಂದ್. ಯಾರಾದರೂ ಅಲುಗಾಡಿದೊಡನೆ ಎಲ್ಲ ಚಾಲೂ. ಕೋಣೆಯ ಸುದ್ದಿ ನನ್ನ ಫೋನಿಗೆ ಬರುವಂತೆಯೂ ಮಾಡಿದೆ. ಸಂದೇಶವನ್ನು ನಾನೇ ಕನ್ನಡದಲ್ಲಿ ಬರೆದೆ: "ಅಣ್ಣನ ಕೋಣೆಯಲ್ಲಿ ಯಾರೂ ಇಲ್ಲ. ಎಲ್ಲಾ ಬಂದ್ ಮಾಡಿದ್ದೇನೆ." ಓದಿ ಓದಿ ಖುಷಿಪಟ್ಟೆ.

ಮಿಷನ್ನಿಗೆ ಕರೆಂಟು ಹೋದರೆ ಅರಚುವ ಒಂದು ಪುಟ್ಟ ಗಂಟೆಯಿತ್ತು. ಬ್ಯಾಟರಿ ಲೈನು ಹಾಕುವವರೆಗೆ, ಕರೆಂಟು ಹೋದಾಗಲೆಲ್ಲ ಅದು ಅರಚಿ ಓಣಿಯವರೆಲ್ಲ ಬಾಗಿಲಿಗೆ ಬರುತ್ತಿದ್ದರು. "ನಾ ಸಾಯೋ ಮದಲೇ ಬಾಯಿ ಬಡಕೊಳ್ತದ ಇದು. ಬಿಚ್ಚಿ ಒಗಿ ಅತ್ಲಾಗ" ಎಂದ ಅಣ್ಣ. ಇನ್ನು ಅದರ ಕೆಲಸವೇನು ಎಂದು ಗಂಟೆಯ ಸೆಲ್ಲನ್ನು ನಾನೇ ಬಿಚ್ಚಿದೆ.

ಸೂರಿನ ಕಣ್ಣು ಅಣ್ಣನಿಗೆ ಬಹಳ ಹಿಡಿಸಿತು. ದೀಪ ಆರಿದಾಗ ಎರಡು ಬೆರಳೆತ್ತಿ ಅದರ ಕಡೆ ಬೀಸಿ, "ಇದ್ದೀನಪ್ಪಾ, ಇದ್ದೀನಿ" ಎನ್ನುತ್ತಿದ್ದ. ದೀಪ ಹತ್ತಿದರೆ ಅತ್ತಿಗೆಯ ಕಡೆ ನೋಡಿ, "ನೋಡು, ಹಾಜರಿ ಹಾಕ್ಕೊಂಡಾನ" ಎಂದು ನಗುತ್ತಿದ್ದ. ನಗುವಿಗೂ ಉಸಿರು ಬೇಕು. ಅಷ್ಟನ್ನು ಅವನು ಅದಕ್ಕಾಗಿ ಖರ್ಚು ಮಾಡುತ್ತಿದ್ದ.

ಎಲ್ಲವೂ ಸರಿಯಿತ್ತು, ಒಂದನ್ನು ಬಿಟ್ಟು. ಸಾಕೆಟ್ಟಿಗೆ ವೈರು ಎಲ್ಲಿಂದ ಬರುತ್ತದೆ ಎಂದು ನೋಡಿ ನಾನು ಮಂಚ ಹಾಕಿಸಿದ್ದೆ. ಕಾರ್ಖಾನೆಯಲ್ಲಿ ನಮಗೆ ದಿಕ್ಕುಗಳೆಂದರೆ ಎರಡೇ, ಕಲ್ಲು ಸುಡುವ ಒಲೆಯ ಕಡೆ, ಪುಡಿ ಮಾಡುವ ಗಿರಣಿಯ ಕಡೆ. ಅಣ್ಣನ ತಲೆ ಯಾವ ಕಡೆ ಬಂತು ಎಂದು ನೋಡಲಿಲ್ಲ. ಅದು ಉತ್ತರಕ್ಕೆ ಬಂದಿತ್ತು.

ನಮ್ಮಲ್ಲಿ ಬದುಕಿರುವವರು ಉತ್ತರಕ್ಕೆ ತಲೆ ಹಾಕಿ ಮಲಗುವುದಿಲ್ಲ. ಅತ್ತಿಗೆ ಚಿಂಚೋಳಿ ಕಡೆಯವರು, ಮಾತು ಕಡಿಮೆ. ನಾನು ಬೆವರು ಸುರಿಸಿ ಮಾಡಿದ್ದಕ್ಕೆ ಕೊಂಕು ತೆಗೆಯಬಾರದೆಂದು ನಾಲ್ಕು ದಿನ ಸುಮ್ಮನಿದ್ದರು. ಐದನೆಯ ದಿನ ಮುಂಜಾನೆ ತಡೆಯಲಾಗಲಿಲ್ಲ. ಪಕ್ಕದ ಮನೆಯ ಇಬ್ಬರನ್ನು ಕರೆದು ಮಂಚ ತಿರುಗಿಸಿದರು. ತಲೆ ದಕ್ಷಿಣಕ್ಕಾಯಿತು. ಮಿಷನ್ನಿನ ವೈರು ಕುಂಕುಮದ ಸಾಕೆಟ್ಟಿಗೆ ಮುಟ್ಟಲಿಲ್ಲ. ಈ ಕಡೆಯ ಗೋಡೆಯಲ್ಲೊಂದು ಸಾಕೆಟ್ಟು ಖಾಲಿ ಇತ್ತಲ್ಲ, ಅದಕ್ಕೆ ಹಾಕಿದರು. ಮಿಷನ್ ಗುರುಗುಟ್ಟಿತು. ಮುಗಿಯಿತು. ಎಲ್ಲಿ ಹಾಕಿದರೂ ಕರೆಂಟು ಕರೆಂಟೇ ಎಂದು ಅವರು ತಿಳಿದದ್ದರಲ್ಲಿ ಏನು ತಪ್ಪಿದೆ? ಹಾಗಲ್ಲ ಎಂದು ಹೇಳಬೇಕಾದವನು ನಾನು. ಹೇಳಿರಲಿಲ್ಲ. ನನ್ನ ಜಾಣತನವನ್ನು ವಿವರಿಸುವುದರಲ್ಲಿ ಇದೊಂದನ್ನು ಮರೆತಿದ್ದೆ.

ಆಗ ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಅವತ್ತೇ ಮಧ್ಯಾಹ್ನ ನಾನು ವಾಡಿಯ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದೆ. ಫೋನು ಟಣ್ ಎಂದಿತು. ಅಣ್ಣನ ಕೋಣೆಯಲ್ಲಿ ಯಾರೂ ಇಲ್ಲ. ಎಲ್ಲಾ ಬಂದ್ ಮಾಡಿದ್ದೇನೆ.

ಬೇರೆ ದಿನ ಅಣ್ಣ ಬೆರಳು ಬೀಸಿ ಇದರ ಬೆನ್ನಿಗೇ ಯಾರೋ ಬಂದರು ಎಂಬ ಸಂದೇಶವೂ ಬರುತ್ತಿತ್ತು, ಇವತ್ತು ಬರಲಿಲ್ಲ. ನನಗೆ ಆನಂದವಾಯಿತು. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ: ಆನಂದವಾಯಿತು. ಫೋನನ್ನು ಹೆಂಡತಿಗೆ ತೋರಿಸಿ, "ನೋಡಿಲ್ಲಿ, ಅಣ್ಣ ಎದ್ದು ಕಟ್ಟಿ ಮ್ಯಾಲ ಕುಂತಾನ" ಎಂದೆ. ಅವಳು ಕೈಮುಗಿದು, "ದೇವರು ದೊಡ್ಡಾಂವ. ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಎಂದಳು. ಹಾಕಿಸಿಕೊಂಡೆ. ಮಜ್ಜಿಗೆಯನ್ನೂ ಕುಡಿದು ಸ್ವಲ್ಪ ಹೊತ್ತು ಅಡ್ಡಾದೆ.

ಅತ್ತಿಗೆ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದರು. ಅಣ್ಣ ಕಣ್ಣು ಮುಚ್ಚಿ ಸುಮ್ಮನೆ ಮಲಗಿದ್ದನ್ನು ನೋಡಿಯೇ ಹತ್ತಿದ್ದರು. ಇಳಿದು ಬಂದು ಕೋಣೆಯೊಳಗೆ ಕಾಲಿಟ್ಟಾಗ ಸೂರಿನ ಕಣ್ಣು ಅವರನ್ನು ಕಂಡಿತು. ದೀಪ ಹತ್ತಿತು, ಫ್ಯಾನು ತಿರುಗಿತು, ಮಿಷನ್ ಗುರುಗುಟ್ಟಿತು. ಹಾಗಾಗಿ ಅವರ ಪಾಲಿಗೆ ಅದು ನಿಂತೇ ಇರಲಿಲ್ಲ. ನನಗೆ ಫೋನು ಬಂತು. "ಮಲ್ಲಪ್ಪಾ, ನಿಮ್ಮಣ್ಣ ಮಾತಾಡವಲ್ರು. ಲಗೂನ ಬಾ."

ನಾನು ಹೋದಾಗ ಮೂಗಿನ ನಳಿಗೆ ಹಾಗೇ ಇತ್ತು, ಅದರೊಳಗಿಂದ ಗಾಳಿ ಬರುತ್ತಲೇ ಇತ್ತು. ಮಂಚ ತಿರುಗಿತ್ತು. ವೈರು ಯಾವ ಗೋಡೆಗೆ ಹೋಗಿದೆ ಎಂದು ನೋಡಿದೆ. ಕೂಲರಿನ ಸಾಕೆಟ್ಟಿಗೆ. ಬಂದ ಡಾಕ್ಟರು, ಇವತ್ತೋ ನಾಳೆಯೋ ಅನ್ನುವಂತಿತ್ತು, ನಿದ್ದೆಯಲ್ಲೇ ಹೋಗಿದ್ದಾರೆ ಎಂದರು. ಯಾರೂ ಏನೂ ಕೇಳಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಫೋನು ತೆಗೆದೆ. ಯಾರೂ ಇಲ್ಲ ಎನ್ನುವುದಕ್ಕೂ, ಯಾರೋ ಬಂದರು ಎನ್ನುವುದಕ್ಕೂ ನಡುವೆ ಒಂದು ತಾಸಿನ ಮೇಲೆ ಹದಿನೈದು ನಿಮಿಷ. ಆ ಒಂದೂಕಾಲು ತಾಸು ಅಣ್ಣ ಆ ಕೋಣೆಯಲ್ಲಿ ಇದ್ದ.

ಅವನಿಗೆ ಎಚ್ಚರವಾಯಿತೇ? ಆಗಿದ್ದರೆ ಕೈ ಎತ್ತುತ್ತಿದ್ದ, ಎತ್ತಿದ್ದರೆ ಎಲ್ಲ ಚಾಲೂ ಆಗುತ್ತಿತ್ತು, ಆಗಿಲ್ಲವೆಂದರೆ ಎಚ್ಚರವಾಗಿಲ್ಲ. ಹೀಗೆ ದಿನವೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಮೂವತ್ತು ವರ್ಷ ಇದೇ ಸಾಮಾನು ಬಿಚ್ಚಿ ಜೋಡಿಸಿದವನು ನಾನು. ಹೊದಿಕೆಯ ಕೆಳಗೆ ಬೆರಳಷ್ಟೇ ಅಲುಗಿದರೆ ಅದಕ್ಕೆ ಕಾಣುವುದಿಲ್ಲ ಎಂಬುದೂ ನನಗೆ ಗೊತ್ತು. ಗುಂಡಿ ಅವನ ಕಾಲಿನಾಚೆಯ ಗೋಡೆಯಲ್ಲಿತ್ತು.

ಮಣ್ಣು ಮಾಡಿ ಬಂದ ಮೇಲೆ ಮಾತಾಡಿಸಲು ಬಂದವರಿಗೆಲ್ಲ ಅತ್ತಿಗೆ ಒಂದೇ ಮಾತು ಹೇಳುತ್ತಿದ್ದರು. "ಉತ್ತರಕ್ಕ ತಲಿ ಇಟ್ಟು ಹೋಗಿದ್ರ ನನ್ನ ಹೊಟ್ಟಿ ಜೀವ ಇರೋ ತನ ಸುಡ್ತಿತ್ತು ನೋಡ್ರಿ. ಅವತ್ತೇ ಮುಂಜಾನಿ ಯಾರು ಬುದ್ಧಿ ಕೊಟ್ಟರೋ, ಮಂಚ ತಿರುಗಿಸಿದ್ನಿ. ಭಾಳ ಶಾಂತ ಮಲಗಿದ್ರು. ಒಂದು ಕೈ ಸೈತ ಅಲುಗಿಲ್ಲ." ಹೆಂಗಸರು ಹೌದು ಹೌದು ಎನ್ನುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಕೇಳುತ್ತಿದ್ದೆ. ಅವರಿಗೆ ಉಳಿದಿದ್ದ ಸಮಾಧಾನ ಅದೊಂದೇ. ನಾನು ಬಾಯಿ ಬಿಟ್ಟರೆ ಆ ಸಮಾಧಾನವೇ ಅವರನ್ನು ಸುಡುತ್ತದೆ. ತಪ್ಪು ನನ್ನದು, ಆಜ್ಞೆ ಬರೆದವನು ನಾನು ಎಂದು ನೂರು ಸಲ ಹೇಳಿದರೂ ಅವರ ಕಿವಿಗೆ ಬೀಳುವುದು ಮಂಚ ತಿರುಗಿಸಿದ ಮಾತೊಂದೇ. ಹೇಳದಿದ್ದರೆ, ಜನರೆಲ್ಲ ಬೆನ್ನು ತಟ್ಟಿ, "ತಮ್ಮ ಅಂದ್ರ ಹಿಂಗಿರಬೇಕು, ಅಣ್ಣಗ ಎಷ್ಟ್ ಮಾಡ್ದಿ" ಎನ್ನುವುದನ್ನು ಕೇಳಿಕೊಂಡಿರಬೇಕು.

ಒಂದು ತಿಂಗಳು ಹೀಗೆ ಕಳೆಯಿತು. ಆ ಸಾಕೆಟ್ಟಿನ ಆಜ್ಞೆಯನ್ನು ಮೊದಲ ದಿನವೇ ಅಳಿಸಿದ್ದೆ. ದೀಪದ್ದು ಉಳಿದಿತ್ತು. ಒಂದು ಸಂಜೆ ಸ್ಕ್ರೂಡ್ರೈವರು ಜೇಬಿನಲ್ಲಿಟ್ಟುಕೊಂಡು ಶಹಾಬಾದಿಗೆ ಹೋದೆ. ಕಣ್ಣನ್ನು ಕಿತ್ತು ಅತ್ತಿಗೆಯ ಮುಂದಿಟ್ಟು, ನಡೆದದ್ದನ್ನು ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಸ್ಟೂಲು ಹತ್ತಿದೆ. ಮೊದಲ ಸ್ಕ್ರೂ ಸಡಿಲಾಗಿತ್ತು.

"ಏನ್ ಮಾಡ್ಲಿಕತ್ತಿ ಮಲ್ಲಪ್ಪಾ?"

"ಇದನ್ನ ತೆಗಿಬೇಕಂತ ಬಂದೀನ್ರಿ ಅತ್ತಿಗಿ. ನಿಮಗೊಂದು ಮಾತು ಹೇಳೋದದ."

"ಮಾತು ಆಮ್ಯಾಲ ಹೇಳಂತಿ. ಅದನ್ನ ತೆಗಿಬ್ಯಾಡ." ಅವರು ಬಾಗಿಲ ಚೌಕಟ್ಟು ಹಿಡಿದು ಮೇಲೆ ನೋಡುತ್ತಿದ್ದರು. "ನಾ ಮಾಳಿಗಿ ಮ್ಯಾಲಿದ್ನಿ, ನೀ ವಾಡ್ಯಾಗಿದ್ದಿ. ಕಡಿಯಾಕ ಅವರನ್ನ ನೋಡಿದ್ದು ಅದೊಂದೇ. ಒಬ್ರೇ ಇರಲಿಲ್ಲ ಅಂಬೋ ಸಮಾಧಾನ ನನಗ ಅದರ ಮ್ಯಾಲೇ ಅದ. ಇರ್ಲಿ ಬಿಡಪ್ಪಾ."

ನಾನು ಸ್ಕ್ರೂ ಬಿಗಿ ಮಾಡಿ ಇಳಿದೆ.

ಅತ್ತಿಗೆ ಚಹಾ ತಂದರು. ಇಬ್ಬರೂ ಖಾಲಿ ಮಂಚದ ಎದುರು ಚಾಪೆಯ ಮೇಲೆ ಕೂತೆವು. ಏನು ಮಾತು ಎಂದು ಅವರು ಕೇಳಿದರು. ಏನಿಲ್ಲ, ಮಾಳಿಗೆ ಸೋರುತ್ತದೇನೋ ನೋಡಬೇಕು ಎಂದೆ. ಸುಮ್ಮನಾದದ್ದು ಅವರ ಮೇಲಿನ ಕರುಣೆಯಿಂದಲೋ, ನನ್ನ ಮೇಲಿನ ಕರುಣೆಯಿಂದಲೋ, ಇಂದಿಗೂ ಬಗೆಹರಿದಿಲ್ಲ. ಅವರಿಗೆ ಓದಲು ಬಾರದು. ಬಾರದೆಂದೇ ಇದನ್ನು ಬರೆಯುವ ಧೈರ್ಯ ಬಂತು. ಹೊರಗೆ ಹೊತ್ತು ಮುಳುಗಿತು. ಅಲುಗಾಡದೆ ಕೂತಿದ್ದೆವು. ಇಪ್ಪತ್ತು ನಿಮಿಷವಾಗಿರಬೇಕು, ದೀಪ ಆರಿತು.

ಕತ್ತಲಲ್ಲಿ ಅತ್ತಿಗೆಯ ಬಳೆ ಸದ್ದಾಯಿತು. "ಇದ್ದೀವಪ್ಪಾ, ಇದ್ದೀವಿ" ಎಂದರು. ದೀಪ ಹತ್ತಿತು. ಹತ್ತಿದ ದೀಪಕ್ಕೆ ಕೈಮುಗಿದರು.

ಈಗಲೂ ವಾರಕ್ಕೊಮ್ಮೆ ಹೋಗಿ ಅಲ್ಲಿ ಕೂರುತ್ತೇನೆ. ಬಸ್ಸಿನಲ್ಲಿ, ಮದುವೆಯಲ್ಲಿ, ಊಟಕ್ಕೆ ಕೂತಲ್ಲಿ ತಾನಾಗಿ ಏಳುವ ಈ ಕೈ ಆ ಕೋಣೆಯಲ್ಲಿ ಮಾತ್ರ ತೊಡೆ ಬಿಟ್ಟು ಏಳುವುದಿಲ್ಲ. ದೀಪ ಆರಿದಾಗಲೆಲ್ಲ ಅತ್ತಿಗೆಯೇ ನನ್ನ ಹಾಜರಿಯನ್ನೂ ಹಾಕುತ್ತಾರೆ.